ಅಂತರ್ಜಾಲ ಚರ್ಚಾಬಳಗಗಳು: ಬೋಧನೆ, ಕಚೇರಿ ಕಾರ್ಯ ಮತ್ತು ದಾಖಲೆಯ ಪ್ರಶ್ನೆ

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯು ನಾಡಿನ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಪರೀಕ್ಷೆಗಳ ನಿಮಿತ್ತ ಪರಿಚಿತವಾದುದು. ಈ ರಸ್ತೆಯ 18ನೆಯ ಅಡ್ಡರಸ್ತೆಯ ಬಳಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿ ಇದೆ. ಪ್ರಾಧಿಕಾರವು ಸಾಮಾನ್ಯ ಪ್ರವೇಶ ಪರೀಕ್ಷೆಯ ತರುವಾಯ ತಾತ್ಕಾಲಿಕ ಸರಿಯುತ್ತರಗಳನ್ನು ಜಾಲತಾಣದಲ್ಲಿ ಪ್ರಕಟಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ವಿಷಯ ತಜ್ಞರ ಪರಿಶೀಲನೆಯ ನಂತರ ಅಂತಿಮ ಉತ್ತರಗಳನ್ನು ಘೋಷಿಸುತ್ತದೆ. ಇದು ಅಂತರ್ಜಾಲದ ಮೂಲಕ ನಡೆಯುವ ವ್ಯವಹಾರವೇ ಆದರೂ ಇದನ್ನು ಚರ್ಚೆ ಎನ್ನಲಾಗದು. ಆಕ್ಷೇಪಿಸಿದವರು ಪರಸ್ಪರರ ವಾದವನ್ನು ಓದುವುದಿಲ್ಲ. ಒಬ್ಬರ ತರ್ಕ ಇನ್ನೊಬ್ಬರ ತಿಳಿವಳಿಕೆಯನ್ನು ತಿದ್ದುವುದಿಲ್ಲ. ಅಂತರ್ಜಾಲ ಚರ್ಚಾಬಳಗದ ವೈಶಿಷ್ಟ್ಯವನ್ನು ಈ ವ್ಯತ್ಯಾಸದಿಂದಲೇ ಗ್ರಹಿಸಬೇಕಾಗುತ್ತದೆ. ಅಂತಹ ಬಳಗಗಳು ಬೋಧನೆಯಲ್ಲಿ ಹಾಗೂ ಕಚೇರಿ ಕಾರ್ಯದಲ್ಲಿ ಹೇಗೆ ಕೆಲಸ ಮಾಡುತ್ತವೆ, ಅವುಗಳಲ್ಲಿ ಉತ್ಪನ್ನವಾಗುವ ಜ್ಞಾನವು ಮುಂದೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ಇಲ್ಲಿ ವಿವೇಚಿಸಲಾಗಿದೆ.

ಸ್ವರೂಪ ಮತ್ತು ಹಿನ್ನೆಲೆ

ಗಣಕಯಂತ್ರದ ಮೂಲಕ ಲಿಖಿತ ಚರ್ಚೆ ನಡೆಸುವ ಪದ್ಧತಿಯು ಅಂತರ್ಜಾಲವು ಸಾರ್ವಜನಿಕವಾಗುವುದಕ್ಕೆ ಮುಂಚಿನದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಬೋಧನ ವ್ಯವಸ್ಥೆಯಲ್ಲಿ 1973ರಲ್ಲಿಯೇ ಟಿಪ್ಪಣಿಗಳ ಮೂಲಕ ಚರ್ಚಿಸುವ ಸೌಲಭ್ಯವಿತ್ತು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ರೂಪಿಸಿದರು. ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆಯು 1995ರ ಆಗಸ್ಟ್ 15ರಂದು ಆರಂಭಗೊಂಡಿತು. ಆದರೆ ಕನ್ನಡಿಗರು ಕನ್ನಡ ಲಿಪಿಯಲ್ಲಿಯೇ ಚರ್ಚಿಸಲು ಇನ್ನೂ ಕೆಲವು ವರ್ಷಗಳು ಬೇಕಾದವು. ಒಬ್ಬರ ಯಂತ್ರದಲ್ಲಿ ಬರೆದುದು ಅದೇ ಅಕ್ಷರವಿನ್ಯಾಸವಿಲ್ಲದ ಇನ್ನೊಬ್ಬರ ಯಂತ್ರದಲ್ಲಿ ಅರ್ಥಹೀನ ಚಿಹ್ನೆಗಳಾಗಿ ತೋರುತ್ತಿದ್ದುದರಿಂದ ಅನೇಕರು ರೋಮನ್ ಲಿಪಿಯಲ್ಲಿ ಕನ್ನಡವನ್ನು ಬರೆಯುತ್ತಿದ್ದರು. ಯೂನಿಕೋಡ್ ಸಂಕೇತ ಪದ್ಧತಿ ಬಳಕೆಗೆ ಬಂದ ಮೇಲೆಯೇ ಈ ತೊಡಕು ನಿವಾರಣೆಯಾಯಿತು.

ಚರ್ಚಾಬಳಗದ ಮುಖ್ಯ ಲಕ್ಷಣಗಳು ಮೂರು. ಮೊದಲನೆಯದಾಗಿ, ಭಾಗವಹಿಸುವವರು ಏಕಕಾಲದಲ್ಲಿ ಉಪಸ್ಥಿತರಿರಬೇಕಾಗಿಲ್ಲ; ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಮರುದಿನ ಯೋಚಿಸಿ ಉತ್ತರಿಸಬಹುದು. ಎರಡನೆಯದಾಗಿ, ಒಂದು ಪ್ರಶ್ನೆಗೆ ಸಂಬಂಧಿಸಿದ ಉತ್ತರಗಳೆಲ್ಲ ಒಂದೇ ಎಳೆಯಲ್ಲಿ ಜೋಡಣೆಗೊಳ್ಳುತ್ತವೆ. ಮೂರನೆಯದಾಗಿ, ಆ ಎಳೆಯು ಉಳಿದುಕೊಂಡು, ಚರ್ಚೆಯಲ್ಲಿ ಇಲ್ಲದಿದ್ದವರಿಗೂ ಮುಂದೆ ದೊರೆಯುತ್ತದೆ. ಈ ಮೂರನೆಯ ಲಕ್ಷಣವೇ ಸಂಶೋಧಕರ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಅತ್ಯಂತ ದುರ್ಬಲವಾದುದೂ ಅದೇ.

ಬೋಧನೆಯಲ್ಲಿ: ವಿಷಯ ಶಿಕ್ಷಕರ ವೇದಿಕೆ

ಸರ್ಕಾರಿ ಪ್ರೌಢಶಾಲೆಗಳಲ್ಲಿ ಅನೇಕ ಕಡೆ ಒಂದು ವಿಷಯಕ್ಕೆ ಒಬ್ಬರೇ ಶಿಕ್ಷಕರಿರುತ್ತಾರೆ. ಗಣಿತದ ಶಿಕ್ಷಕರಿಗೆ ಗಣಿತದ ಸಂದೇಹ ಬಂದಾಗ ಕೇಳಲು ಅದೇ ಶಾಲೆಯಲ್ಲಿ ಮತ್ತೊಬ್ಬರಿಲ್ಲ. ವರ್ಷಕ್ಕೊಮ್ಮೆ ನಡೆಯುವ ತರಬೇತಿ ಮುಗಿದೊಡನೆ ಈ ಏಕಾಂತ ಮರಳುತ್ತದೆ. ಈ ಕೊರತೆಯನ್ನು ನೀಗಿಸಲು 2011ರ ಸುಮಾರಿಗೆ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಆರಂಭವಾಯಿತು. ಶಿಕ್ಷಕರು ಕಾರ್ಯಾಗಾರಗಳಲ್ಲಿ ಸ್ವತಂತ್ರ ತಂತ್ರಾಂಶಗಳ ಬಳಕೆಯನ್ನು ಕಲಿತು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೊದಲಾದ ವಿಷಯಗಳ ಮಿಂಚಂಚೆ ಬಳಗಗಳಲ್ಲಿ ಸದಸ್ಯರಾದರು. ಸಾವಿರಾರು ಶಿಕ್ಷಕರು ಇವುಗಳಲ್ಲಿ ಸೇರಿದರು. ಇದರ ಜೊತೆಗೆ ರೂಪುಗೊಂಡ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿ ತಾಣದಲ್ಲಿ ಶಿಕ್ಷಕರೇ ಸಿದ್ಧಪಡಿಸಿದ ಪಾಠಸಾಮಗ್ರಿ ಮುಕ್ತ ಪರವಾನಗಿಯಡಿ ಸಂಗ್ರಹವಾಯಿತು.

ಇಂತಹ ಬಳಗದಲ್ಲಿ ತಿಳಿವಳಿಕೆ ಬೆಳೆಯುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ ಬರುವುದೇಕೆಂದು ಮಗು ಕೇಳಿದೆ. ಶಿಕ್ಷಕರು ಆ ಪ್ರಶ್ನೆಯನ್ನು ಬಳಗದ ಮುಂದಿಡುತ್ತಾರೆ. ಒಬ್ಬರು, −2 ಅನ್ನು ಕ್ರಮವಾಗಿ 3, 2, 1, 0 ಇವುಗಳಿಂದ ಗುಣಿಸಿದಾಗ −6, −4, −2, 0 ಬರುವುದನ್ನು ತೋರಿಸಿ, ಮುಂದಿನ ಹೆಜ್ಜೆ +2 ಆಗಲೇಬೇಕೆನ್ನುತ್ತಾರೆ. ಇನ್ನೊಬ್ಬರು, ನಿಮಿಷಕ್ಕೆ 2 ಲೀಟರ್ ನೀರು ಸೋರುವ ತೊಟ್ಟಿಯಲ್ಲಿ ಒಂದು ನಿಮಿಷದ ಹಿಂದೆ ಈಗಿನದಕ್ಕಿಂತ 2 ಲೀಟರ್ ಹೆಚ್ಚು ನೀರಿತ್ತೆಂಬ ದೃಷ್ಟಾಂತ ಕೊಡುತ್ತಾರೆ. ಮೂರನೆಯವರು, ಇವೆರಡೂ ಸಮರ್ಥನೆಗಳೇ ಹೊರತು ಸಾಧನೆಯಲ್ಲವೆಂದೂ ವಿಭಾಜಕ ನಿಯಮದಿಂದ ಇದನ್ನು ಸಾಧಿಸಬಹುದೆಂದೂ ತಿದ್ದುತ್ತಾರೆ. ಪ್ರಶ್ನೆ ಕೇಳಿದ ಶಿಕ್ಷಕರಿಗೆ ದೊರೆತದ್ದು ಕೇವಲ ಒಂದು ಉತ್ತರವಲ್ಲ. ಯಾವ ಹಂತದ ಮಗುವಿಗೆ ಯಾವ ಉತ್ತರ ಸಲ್ಲುತ್ತದೆಂಬ ವಿವೇಚನೆ. ಪಠ್ಯಪುಸ್ತಕದಲ್ಲಾಗಲಿ ಸರಿಯುತ್ತರಗಳ ಪಟ್ಟಿಯಲ್ಲಾಗಲಿ ಈ ಬಗೆಯ ಜ್ಞಾನಕ್ಕೆ ಸ್ಥಳವಿಲ್ಲ.

ಬಳಗಗಳ ಮಿತಿಯೂ ಇಲ್ಲಿ ಉಲ್ಲೇಖನೀಯ. ಸುತ್ತೋಲೆಗಳು, ಶುಭಾಶಯಗಳು, ಪ್ರಶ್ನೆಪತ್ರಿಕೆಗಳ ರವಾನೆ ಇವು ವಿಷಯ ಚರ್ಚೆಯನ್ನು ಮುಚ್ಚಿಬಿಡುವುದುಂಟು. ಮೇಲಧಿಕಾರಿಗಳೂ ಸದಸ್ಯರಾಗಿರುವ ಬಳಗದಲ್ಲಿ ತನಗೆ ತಿಳಿಯದೆಂದು ಒಪ್ಪಿಕೊಳ್ಳಲು ಶಿಕ್ಷಕರು ಹಿಂಜರಿಯಬಹುದು. ಆದ್ದರಿಂದ ಬಳಗದ ಯಶಸ್ಸು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ನಿರ್ವಾಹಕರ ವಿವೇಕವನ್ನು ಅವಲಂಬಿಸಿದೆ.

ಸಹಕಾರದ ಕಾರ್ಯದಲ್ಲಿ: ಕಡತ ಮತ್ತು ಕಟ್ಟೆ

ಸರ್ಕಾರಿ ಕಚೇರಿಯಲ್ಲಿ ಸಾಮೂಹಿಕ ಚಿಂತನೆಯ ಸಾಂಪ್ರದಾಯಿಕ ರೂಪವೆಂದರೆ ಕಡತದ ಟಿಪ್ಪಣಿ ಪುಟ. ವಿಷಯ ನಿರ್ವಾಹಕರು ಬರೆದ ಟಿಪ್ಪಣಿ ಅಧೀಕ್ಷಕರ ಮೂಲಕ ಮೇಲಕ್ಕೇರಿ, ಆದೇಶದೊಡನೆ ಕೆಳಗಿಳಿಯುತ್ತದೆ. ಅದು ಲಂಬವಾದ ಚರ್ಚೆ. ಪ್ರತಿ ಮಾತಿಗೂ ಸಹಿ ಮತ್ತು ದಿನಾಂಕವಿರುತ್ತವೆ. ಅಂತರ್ಜಾಲ ಬಳಗದ ಚರ್ಚೆ ಸಮತಲವಾದುದು; ಯಾರು ಮೊದಲು ಮಾತನಾಡಬೇಕೆಂಬ ಶ್ರೇಣಿ ಅಲ್ಲಿಲ್ಲ.

ಈ ಎರಡರ ಗುಣಗಳೂ ಕೂಡಿರುವ ಒಂದು ಮಾದರಿ ಕನ್ನಡದಲ್ಲಿಯೇ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರ ಸಾಮಾನ್ಯ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಪ್ರತಿ ಲೇಖನಕ್ಕೂ ಪ್ರತ್ಯೇಕ ಚರ್ಚೆಯ ಪುಟವಿದೆ. ಯಾರು ಯಾವಾಗ ಏನನ್ನು ಬದಲಿಸಿದರೆಂಬುದು ಇತಿಹಾಸದ ಪುಟದಲ್ಲಿ ದಾಖಲಾಗುತ್ತದೆ. ಊರಿನ ಅರಳಿಕಟ್ಟೆಯ ಮಾತು ಗಾಳಿಗೆ ಹೋಗುತ್ತದೆ. ಈ ಕಟ್ಟೆಯ ಮಾತು ಉಳಿಯುತ್ತದೆ. ಪಾರಿಭಾಷಿಕ ಪದವೊಂದನ್ನು ಏಕೆ ಆಯ್ದರು, ಏಕೆ ಬಿಟ್ಟರು ಎಂಬುದನ್ನು ಅರಿಯಬಯಸುವ ಭಾಷಾ ಸಂಶೋಧಕರಿಗೆ ಇದು ಮೌಲಿಕ ಆಕರವಾಗಿದೆ.

ದಾಖಲೆಯ ಪ್ರಶ್ನೆ

ಕಳೆದ ದಶಕದಲ್ಲಿ ಶಿಕ್ಷಕರ ಹಾಗೂ ನೌಕರರ ಚರ್ಚೆಯ ಬಹುಭಾಗ ವಾಟ್ಸ್ಆ್ಯಪ್ ಗುಂಪುಗಳಿಗೆ ಸ್ಥಳಾಂತರಗೊಂಡಿದೆ. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಈ ಸ್ಥಳಾಂತರ ತೀವ್ರವಾಯಿತು. ಎಲ್ಲರ ಕೈಯಲ್ಲಿರುವ ಸಾಧನವನ್ನು ಬಳಸುವುದು ಸಹಜವೇ. ಆದರೆ ಅಲ್ಲಿ ಮಾತು ಕಾಲಾನುಕ್ರಮದಲ್ಲಿ ಹರಿದುಹೋಗುತ್ತದೆ. ಎಳೆಗಳಾಗಿ ನಿಲ್ಲುವುದು ಕಡಿಮೆ. ಸಂಗ್ರಹವು ಸದಸ್ಯರ ದೂರವಾಣಿಗಳಲ್ಲಿ ಚದುರಿರುತ್ತದೆ. ಶಿಕ್ಷಕರು ನಿವೃತ್ತರಾದಾಗ ಅಥವಾ ದೂರವಾಣಿ ಬದಲಿಸಿದಾಗ ಹಲವು ವರ್ಷಗಳ ಅನುಭವದ ಬರಹ ಅಳಿಯಬಹುದು.

ಖಾಸಗಿ ಸಂಸ್ಥೆಯೊಂದರ ಆಶ್ರಯದಲ್ಲಿರುವ ಚರ್ಚೆಗೂ ಶಾಶ್ವತಿಯ ಭರವಸೆಯಿಲ್ಲ. ಯಾಹೂ ಗುಂಪುಗಳ ಸೇವೆಯು 2020ರ ಡಿಸೆಂಬರ್‌ನಲ್ಲಿ ಸಂಪೂರ್ಣ ಸ್ಥಗಿತಗೊಂಡಿತು. ಅದಕ್ಕೂ ಮುಂಚೆಯೇ ಸಂಗ್ರಹಿತ ಬರಹಗಳನ್ನು ತೆಗೆದುಹಾಕಲಾಗಿತ್ತು. ಪ್ರತಿ ಮಾಡಿಟ್ಟುಕೊಳ್ಳದ ಬಳಗಗಳ ಚರಿತ್ರೆ ಅದರೊಡನೆ ನಷ್ಟವಾಯಿತು. ಇತ್ತ 2005ರ ಮಾಹಿತಿ ಹಕ್ಕು ಅಧಿನಿಯಮದ ‘ಮಾಹಿತಿ’ ಎಂಬ ಪದದ ವ್ಯಾಖ್ಯೆಯಲ್ಲಿ ಮಿಂಚಂಚೆಗಳೂ ವಿದ್ಯುನ್ಮಾನ ರೂಪದ ಸಾಮಗ್ರಿಯೂ ಸೇರಿವೆ. ಕಾನೂನು ದಾಖಲೆಯೆಂದು ಗಣಿಸುವುದನ್ನು ಗ್ರಂಥಾಲಯಗಳು ಇನ್ನೂ ಕ್ಷಣಿಕ ಸಂಭಾಷಣೆಯೆಂದು ಪರಿಗಣಿಸುವುದು ಸೂಕ್ತವಲ್ಲ.

ಈ ದಿಸೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು ಕಠಿಣವಾದವುಗಳಲ್ಲ. ಬಳಗದ ಆರಂಭದಲ್ಲಿಯೇ ಚರ್ಚೆಯನ್ನು ಸಂರಕ್ಷಿಸಲಾಗುವುದೆಂದು ತಿಳಿಸಿ ಸದಸ್ಯರ ಸಮ್ಮತಿ ಪಡೆಯಬೇಕು. ನಿಯತವಾಗಿ ಮುಕ್ತ ರೂಪದಲ್ಲಿ ಪ್ರತಿ ತೆಗೆದು, ದೂರವಾಣಿ ಸಂಖ್ಯೆ, ಮಕ್ಕಳ ಹೆಸರು ಮುಂತಾದ ಖಾಸಗಿ ವಿವರಗಳನ್ನು ಕೈಬಿಟ್ಟು, ವಿಷಯಾನುಸಾರ ಸೂಚಿಯೊಡನೆ ಗ್ರಂಥಾಲಯಕ್ಕೆ ಒಪ್ಪಿಸಬೇಕು. ದೀರ್ಘ ಚರ್ಚೆಯ ಕೊನೆಯಲ್ಲಿ ಸದಸ್ಯರೊಬ್ಬರು ಸಾರಾಂಶ ಬರೆಯುವ ಪದ್ಧತಿಯೂ ಉಪಯುಕ್ತ.

ಸಂಪಿಗೆ ರಸ್ತೆಯ ಕಚೇರಿಯಿಂದ ಹೊರಡುವ ಅಂತಿಮ ಉತ್ತರಗಳು ದಾಖಲೆಯಲ್ಲಿ ಉಳಿಯುತ್ತವೆ. ಆ ಉತ್ತರಗಳವರೆಗೆ ಮಕ್ಕಳನ್ನು ಕರೆತರಲು ಶಿಕ್ಷಕರು ಪರಸ್ಪರ ನಡೆಸಿದ ವಿಚಾರವಿನಿಮಯ ಉಳಿಯದಿದ್ದರೆ, ಕನ್ನಡ ನಾಡಿನ ಶಿಕ್ಷಣದ ಇತಿಹಾಸವನ್ನು ಬರೆಯುವವರಿಗೆ ಪರೀಕ್ಷೆಯ ಚರಿತ್ರೆ ದೊರೆತೀತೇ ಹೊರತು ಬೋಧನೆಯ ಚರಿತ್ರೆ ದೊರೆಯಲಾರದು.