ಹೂವಿನ ಹೆಸರಿನ ಯುದ್ಧನೌಕೆಗಳು

ಮಾರಿಗೋಲ್ಡ್, ಸ್ನೋಡ್ರಾಪ್, ಬ್ಲೂಬೆಲ್. ಇವು ನರ್ಸರಿಯ ಗಿಡಗಳಲ್ಲ, ಹಿಟ್ಲರನ ಜಲಾಂತರ್ಗಾಮಿಗಳನ್ನು ಬೇಟೆಯಾಡಲು ಹೊರಟ ಬ್ರಿಟಿಷ್ ಯುದ್ಧನೌಕೆಗಳು. ಫ್ಲವರ್ ವರ್ಗದ ಕಾರ್ವೆಟ್‌ಗಳು, ಅಂದರೆ ಸಣ್ಣ ಬೆಂಗಾವಲು ನೌಕೆಗಳು.

1939. ಯುದ್ಧ ಬಾಗಿಲಿಗೆ ಬಂದಿತ್ತು, ಸರಕು ಹಡಗುಗಳಿಗೆ ಬೆಂಗಾವಲು ಸಾಲದು. ಆಗ ಸ್ಮಿತ್ಸ್ ಡಾಕ್ ಕಂಪನಿಯ ವಿಲಿಯಂ ರೀಡ್ ಒಂದು ತಿಮಿಂಗಿಲ ಬೇಟೆಯ ಹಡಗನ್ನೇ ಮಾದರಿಯಾಗಿಟ್ಟುಕೊಂಡು ನಕ್ಷೆ ಬರೆದರು. ಹಳೇ ಕಾಲದ ಉಗಿ ಎಂಜಿನ್, ಒಂದೇ ಪ್ರೊಪೆಲ್ಲರ್. ಯುದ್ಧನೌಕೆ ಕಟ್ಟಿ ಗೊತ್ತಿಲ್ಲದ ಸಣ್ಣ ಹಡಗುಕಟ್ಟೆಗಳೂ ಇದನ್ನು ಕಟ್ಟಬಹುದಿತ್ತು. ಜಾಣತನ ಇದ್ದದ್ದೇ ಅಲ್ಲಿ.

ವೇಗ? 16 ನಾಟ್. ನೀರಿನ ಮೇಲೆ ಓಡುವ ಯು-ಬೋಟ್, ಅಂದರೆ ಜರ್ಮನ್ ಜಲಾಂತರ್ಗಾಮಿ, ಇದಕ್ಕಿಂತ ಚುರುಕು! ಜೊತೆಗೆ ವಿಪರೀತ ಹೊಯ್ದಾಟ. ಒದ್ದೆ ಹುಲ್ಲಿನ ಮೇಲಿಟ್ಟರೂ ಇದು ಹೊರಳಾಡುತ್ತದೆ ಅಂತ ನಾವಿಕರೇ ನಗುತ್ತಿದ್ದರು. ಅಟ್ಲಾಂಟಿಕ್‌ನ ಚಳಿಗಾಲದಲ್ಲಿ ಒದ್ದೆ ಹಾಸಿಗೆ, ತಣ್ಣನೆ ಊಟ, ವಾಂತಿ. ಕರಾವಳಿ ಕಾವಲಿಗೆಂದು ಕಟ್ಟಿದ್ದನ್ನು ನಡುಸಾಗರಕ್ಕೆ ಅಟ್ಟಿದರೆ ಇನ್ನೇನಾದೀತು?

ಆದರೂ ಇವು ಇದ್ದವು, ಅದೇ ದೊಡ್ಡದು. ಸೋನಾರ್‌ನಿಂದ ಶತ್ರುವಿನ ಸುಳಿವು ಹಿಡಿದು, ನೀರಿನಡಿ ಸಿಡಿಯುವ ಡೆಪ್ತ್ ಚಾರ್ಜ್ ಎಸೆದು, ಜಲಾಂತರ್ಗಾಮಿಯನ್ನು ತಲೆ ಎತ್ತದಂತೆ ಅದುಮಿಟ್ಟರೆ ಸಾಕು, ಸರಕು ಹಡಗುಗಳು ಪಾರು. ಬೆಲೆಯೂ ತೆರಬೇಕಾಯಿತು: 1945ರ ಫೆಬ್ರವರಿಯಲ್ಲಿ ಬ್ಲೂಬೆಲ್ ಮುಳುಗಿದಾಗ ಬದುಕಿದ್ದು ಒಬ್ಬನೇ.

ಕೆಲವು ನಮ್ಮ ರಾಯಲ್ ಇಂಡಿಯನ್ ನೇವಿಗೂ ಬಂದವು. ಇಲ್ಲಿ ಹೂವಿನ ಹೆಸರು ಹೋಗಿ ಅಸ್ಸಾಂ, ಸಿಂಧ್, ಗೊಂಡ್ವಾನಾ ಆದವು. ಕೆನಡಾ ತನ್ನವಕ್ಕೆ ಹೆಚ್ಚಾಗಿ ಊರುಗಳ ಹೆಸರಿಟ್ಟಿತು. ಅದರಲ್ಲೊಂದಾದ ಸ್ಯಾಕ್‌ವಿಲ್, ಈ ವರ್ಗದಲ್ಲಿ ಉಳಿದಿರುವ ಏಕೈಕ ನೌಕೆ, ಈಗ ಹ್ಯಾಲಿಫ್ಯಾಕ್ಸ್‌ನಲ್ಲಿ ಮ್ಯೂಸಿಯಂ.