ಮೀನಿನ ಮೈಯ ಲೋಳೆ

ಮುಂಬಯಿ ಬಳಿಯ ಖಾರಘರ, ಪನವೇಲ ಕಡೆಯ ಮೀನುಪೇಟೆಯಲ್ಲಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿನಿಂದ ಹಿಡಿದು ತಂದ ಜೀವಂತ ನಿವಟಿ ಮೀನು ಸಿಗುತ್ತದೆ. ಒಂದನ್ನು ಎತ್ತಲು ಹೋಗಿ ನೋಡಿ, ಬೆರಳ ಸಂದಿಯಿಂದ ಜಾರಿ ಮತ್ತೆ ಬುಟ್ಟಿಗೇ ಬೀಳುತ್ತದೆ. ಮೈತುಂಬ ಲೋಳೆ. ಇಳಿತದ ಹೊತ್ತಿಗೆ ನೀರು ಬಿಟ್ಟು ಕೆಸರ ಮೇಲೆ ತೆವಳುವ ಈ ಮೀನು ಚರ್ಮದಿಂದಲೂ ಉಸಿರಾಡುತ್ತದೆ. ಅದಕ್ಕೆ ಮೈ ಒದ್ದೆಯಾಗಿರಲೇಬೇಕು. ಆದರೆ ಲೋಳೆಯ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ.

ನಮ್ಮ ಚರ್ಮದ ಹೊರಪದರ ಸತ್ತು ಒಣಗಿದ ಜೀವಕೋಶಗಳದ್ದು. ಮೀನಿಗೆ ಆ ಅನುಕೂಲವಿಲ್ಲ. ಅದರ ಮೈಯ ಹೊರಗಿನ ಕೋಶಗಳೂ ಜೀವಂತ, ಸುತ್ತಲಿನ ನೀರಿನ ತುಂಬ ಬ್ಯಾಕ್ಟೀರಿಯಾ. ಹಾಗಾಗಿ ಚರ್ಮದಲ್ಲಿರುವ ಲೋಳೆಕೋಶಗಳು ಮ್ಯೂಸಿನ್ ಎಂಬ ಪ್ರೋಟೀನನ್ನು ಸ್ರವಿಸುತ್ತಲೇ ಇರುತ್ತವೆ. ನೀರು ಹೀರಿ ಉಬ್ಬಿದ ಈ ಪ್ರೋಟೀನೇ ಲೋಳೆ. ಅದಕ್ಕೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಹಳೆಯ ಲೋಳೆ ಕಳಚಿದಾಗ ಅದರ ಜೊತೆಗೇ ಹೋಗುತ್ತವೆ.

ಉಳಿದವಕ್ಕೆ ರಾಸಾಯನಿಕ ಪೆಟ್ಟು. ಲೋಳೆಯಲ್ಲಿರುವ ಲೈಸೋಜೈಮ್ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನೇ ಕತ್ತರಿಸುತ್ತದೆ. ಈ ಕಿಣ್ವ ನಮ್ಮ ಕಣ್ಣೀರಿನಲ್ಲೂ ಇದೆ. ಇನ್ನೂ ಸ್ವಾರಸ್ಯದವು ಪೆಪ್ಟೈಡುಗಳು, ಅಂದರೆ ಪುಟ್ಟ ಪ್ರೋಟೀನ್ ತುಣುಕುಗಳು. ಇವುಗಳದ್ದು ಧನ ವಿದ್ಯುದಂಶ, ಬ್ಯಾಕ್ಟೀರಿಯಾದ ಹೊರಮೈಯದ್ದು ಋಣ. ಹೋಗಿ ಅಂಟಿಕೊಂಡು ಪೊರೆಯನ್ನೇ ಹರಿಯುತ್ತವೆ. 1997ರಲ್ಲಿ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಲೋಳೆಯಲ್ಲಿ ಪ್ಲೂರೋಸಿಡಿನ್ ಎಂಬ ಇಂಥ ಪೆಪ್ಟೈಡ್ ಸಿಕ್ಕಿತು. ಮರುವರ್ಷ, ಗಾಯಗೊಂಡ ಮೀಸೆಮೀನಿನ ಲೋಳೆಯಲ್ಲಿ ಪ್ಯಾರಾಸಿನ್. ಡಿಎನ್‌ಎ ಸುತ್ತಿಡುವ ಹಿಸ್ಟೋನ್ ಪ್ರೋಟೀನನ್ನೇ ತುಂಡರಿಸಿ ಮೀನು ಈ ಅಸ್ತ್ರ ಮಾಡಿಕೊಳ್ಳುತ್ತದೆ. ಎಂಥ ಮಿತವ್ಯಯ!

ಇದೆಲ್ಲ ಮೀನು ಬದುಕಿರುವವರೆಗೆ ಮಾತ್ರ. ಸತ್ತ ಮೇಲೆ ಹೊಸ ಲೋಳೆ ಬರುವುದು ನಿಂತು, ಇದ್ದದ್ದೇ ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ತಾಜಾ ಮೀನಿನ ಲೋಳೆ ತಿಳಿಯಾಗಿ ಹೊಳೆಯುತ್ತದೆ. ಹಳದಿಗಟ್ಟಿ, ಮಬ್ಬಾಗಿ, ನಾರುತ್ತಿದ್ದರೆ ಆ ಬುಟ್ಟಿ ಬಿಟ್ಟು ಮುಂದೆ ಹೋಗಿ. ಮನೆಯಲ್ಲಿ ಕಲ್ಲುಪ್ಪು ಹಾಕಿ ತಿಕ್ಕಿ ತೊಳೆಯುವ ಅಜ್ಜಿಯರ ಪದ್ಧತಿ ಸರಿಯಾದದ್ದೇ. ಉಪ್ಪಿಗೆ ಲೋಳೆ ಬಿಡುತ್ತದೆ. ಸಾಕಿದ ಮೀನನ್ನು ಮುಟ್ಟುವಾಗ ಮಾತ್ರ ಕೈ ಒದ್ದೆ ಮಾಡಿಕೊಳ್ಳಿ. ಒಣಗೈಗೆ ಲೋಳೆ ಕಿತ್ತು ಬಂದರೆ ಅಲ್ಲಿಂದಲೇ ಮೀನಿಗೆ ಸೋಂಕು ಹತ್ತಬಹುದು.

ಬ್ರೆಜಿಲ್‌ನಲ್ಲಿ ಸುಟ್ಟಗಾಯಕ್ಕೆ ತಿಲಾಪಿಯಾ ಚರ್ಮ ಹಚ್ಚುವ ಸುದ್ದಿ ಓದಿ ಕೆಲವರಿಗೆ ಗಾಯಕ್ಕೆ ಲೋಳೆ ಹಚ್ಚುವ ಆಸೆ ಹುಟ್ಟೀತು. ಅಲ್ಲಿ ಬಳಸುವುದು ಲೋಳೆಯನ್ನಲ್ಲ, ಸ್ವಚ್ಛಗೊಳಿಸಿ ಕ್ರಿಮಿಶುದ್ಧಿ ಮಾಡಿದ ಚರ್ಮವನ್ನು. ಮೀನು ಕೊಯ್ಯುವಾಗ ಮುಳ್ಳು ಚುಚ್ಚಿದರೆ ಲೋಳೆ ಹಚ್ಚಬೇಡಿ. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಬಾವು ಬಂದರೆ ಡಾಕ್ಟರಿಗೆ ತೋರಿಸಿ.