ಯಂತ್ರ ಎಣಿಸುವುದು ಏನನ್ನು?

ಪ್ಯಾಕೆಟ್ ಹಾಲು ಬರುವ ಮೊದಲು ನಮ್ಮ ಊರುಗಳಲ್ಲಿ ಹಾಲಿನ ಲೆಕ್ಕ ಇರುತ್ತಿದ್ದುದು ಬಾಗಿಲ ಪಕ್ಕದ ಗೋಡೆಯ ಮೇಲೆ. ಹಾಲು ಹಾಕುವಾಕೆ ದಿನಕ್ಕೊಂದು ಸುಣ್ಣದ ಗೀಟು ಎಳೆದು ಹೋಗುತ್ತಿದ್ದಳು. ತಿಂಗಳ ಕೊನೆಗೆ ಗೀಟು ಎಣಿಸಿ ದುಡ್ಡು ಕೊಡುವುದು. ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. ಮಳೆಗೆ ಗೋಡೆ ತೊಯ್ದ ತಿಂಗಳು ಮಾತ್ರ ಸ್ವಲ್ಪ ವಾದವಾಗುತ್ತಿತ್ತು.

ಕಣದಲ್ಲಿ ಭತ್ತ ಅಳೆಯುವವರ ರೀತಿ ಇನ್ನೂ ಸೊಗಸು. ಮೊದಲ ಕೊಳಗಕ್ಕೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಖಂಡುಗಕ್ಕೊಂದು ಕಲ್ಲನ್ನೋ ಒಂದು ಚಿಟಿಕೆ ಕಾಳನ್ನೋ ಪಕ್ಕಕ್ಕಿಟ್ಟು ಮತ್ತೆ 'ಲಾಭ'ದಿಂದ ಶುರು ಮಾಡಿದರೆ, ನೂರು ಖಂಡುಗ ಅಳೆದರೂ ಬಾಯಲ್ಲಿ ಇಪ್ಪತ್ತಕ್ಕಿಂತ ದೊಡ್ಡ ಸಂಖ್ಯೆ ಬರಬೇಕಾಗಿಲ್ಲ. ನಾವು ಶಾಲೆಯಲ್ಲಿ 'ಐದು ಬರೆದು ದಶಕ ಒಂದು' ಎಂದು ಹೇಳಿಕೊಡುವುದೂ ಇದನ್ನೇ. ಮನುಷ್ಯ ಕಂಡುಹಿಡಿದ ಎಣಿಕೆಯ ಯಂತ್ರಗಳ ಹೊಟ್ಟೆಯಲ್ಲಿ ಈ ಎರಡೇ ಉಪಾಯಗಳು ಮತ್ತೆ ಮತ್ತೆ ಸಿಗುತ್ತವೆ: ವಸ್ತುವಿಗೊಂದು ಗೀಟು, ಗುಂಪಿಗೊಂದು ಕಲ್ಲು.

ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ರಕ್ತಪರೀಕ್ಷೆಯ ವರದಿ ನೋಡಿದಾಗಿನಿಂದ ಈ ಯಂತ್ರಗಳ ವಿಚಾರ ತಲೆಯಲ್ಲಿ ಸುತ್ತುತ್ತಿದೆ. ಆ ವರದಿಯ ಮಾತು ಆಮೇಲೆ. ಮೊದಲು ಒಂದು ಬಂಡಿಯ ಕತೆ.

ಕಲ್ಲು ಬೀಳಿಸುವ ಬಂಡಿ

ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಕಟ್ಟಡಗಳ ಬಗ್ಗೆ ಬರೆದ ಗ್ರಂಥದಲ್ಲಿ, ದಾರಿಯ ದೂರವನ್ನು ತಾನೇ ಎಣಿಸುವ ಬಂಡಿಯೊಂದರ ವರ್ಣನೆ ಇದೆ. ಇದು ಹಿಂದಿನವರಿಂದ ಬಂದದ್ದು ಎಂದೂ ಆತ ಹೇಳುತ್ತಾನೆ. ಬಂಡಿಯ ಚಕ್ರದ ಸುತ್ತಳತೆ ಹನ್ನೆರಡೂವರೆ ಅಡಿ. ಚಕ್ರದ ಜೊತೆಯಲ್ಲೇ ತಿರುಗುವ ಉರುಳೆಗೆ ಒಂದೇ ಒಂದು ಹಲ್ಲು. ಅದು ಇನ್ನೊಂದು ಉರುಳೆಯ ಹಲ್ಲನ್ನು ತಳ್ಳುತ್ತದೆ. ಈ ಎರಡನೆಯದಕ್ಕೆ 400 ಹಲ್ಲು. ಅಂದರೆ ಬಂಡಿಯ ಚಕ್ರ 400 ಸುತ್ತು ಹಾಕಿದಾಗ ಎರಡನೆಯ ಉರುಳೆ ಒಂದು ಸುತ್ತು ಮುಗಿಸುತ್ತದೆ. 400ನ್ನು ಹನ್ನೆರಡೂವರೆಯಿಂದ ಗುಣಿಸಿ ನೋಡಿ, 5000 ಅಡಿ. ಅದೇ ಒಂದು ರೋಮನ್ ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಕಿಲೋಮೀಟರು.

ಒಂದು ಸುತ್ತು ಮುಗಿದಾಗ ಎರಡನೆಯ ಉರುಳೆ ಮೂರನೆಯದನ್ನು ಒಂದು ಹಲ್ಲು ಮುಂದಕ್ಕೆ ತಳ್ಳುತ್ತದೆ. ಮೂರನೆಯದರ ರಂಧ್ರಗಳಲ್ಲಿ ಸಣ್ಣ ದುಂಡು ಕಲ್ಲುಗಳು. ರಂಧ್ರ ಕೊಳವೆಯ ನೇರಕ್ಕೆ ಬಂದೊಡನೆ ಒಂದು ಕಲ್ಲು ಕೆಳಗಿನ ಕಂಚಿನ ಪಾತ್ರೆಗೆ ಠಣ್ ಎಂದು ಬೀಳುತ್ತದೆ. ಸಂಜೆ ಬಂಡಿ ನಿಲ್ಲಿಸಿ ಕಲ್ಲು ಎಣಿಸಿದರೆ ಆ ದಿನ ಎಷ್ಟು ಮೈಲಿ ಬಂದೆವೆಂದು ತಿಳಿಯಿತು. ಕಣದ ಖಂಡುಗದ ಕಲ್ಲೇ ಇಲ್ಲಿ ಬಂಡಿ ಹತ್ತಿದೆ! ಅಂದಹಾಗೆ ಇಂಗ್ಲಿಷಿನ 'ಕ್ಯಾಲ್ಕುಲೇಟ್' ಪದದ ಮೂಲ ಲ್ಯಾಟಿನಿನ 'ಕ್ಯಾಲ್ಕುಲಸ್'. ಅದರ ಅರ್ಥ ಸಣ್ಣ ಕಲ್ಲು.

ಆದರೆ ಈ ಬಂಡಿ ನಿಜಕ್ಕೂ ಎಣಿಸಿದ್ದು ಏನನ್ನು? ದೂರವನ್ನಲ್ಲ, ಚಕ್ರದ ಸುತ್ತುಗಳನ್ನು. ಸುತ್ತನ್ನು ದೂರ ಎಂದು ನಂಬಿದವರು ನಾವು. ನಿಮ್ಮ ಮನೆಯ ಸ್ಕೂಟರಿನ ಕತೆಯೂ ಇದೇ. ಹೊಸ ಟೈರಿದ್ದಾಗ ಚಕ್ರದ ತ್ರಿಜ್ಯ 25 ಸೆಂ.ಮೀ., ಸವೆದಾಗ 24.5 ಸೆಂ.ಮೀ. ಎಂದಿಟ್ಟುಕೊಳ್ಳಿ. ಸವೆದ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ಹಾಕಬೇಕು. ನೀವು ನೂರು ಕಿಲೋಮೀಟರು ಹೋದರೆ ಮೀಟರು 102 ಎನ್ನುತ್ತದೆ. ಮೀಟರು ಸುಳ್ಳು ಹೇಳಿಲ್ಲ, ತನಗೆ ಗೊತ್ತಿದ್ದ ಸುತ್ತುಗಳ ಲೆಕ್ಕವನ್ನು ಒಪ್ಪಿಸಿದೆ, ಅಷ್ಟೆ.

ಒಂಬತ್ತರ ಸಂಕಟ

ಹಳೆಯ ಸ್ಕೂಟರುಗಳ ಮೀಟರಿನಲ್ಲಿ ಅಂಕಿಗಳ ಪುಟ್ಟ ಉರುಳೆಗಳಿದ್ದವು. 9999 ಬಂದಾಗ ಗಾಡಿ ನಿಧಾನ ಮಾಡಿ, ಹಿಂದೆ ಕೂತ ಮಗುವಿಗೆ 'ನೋಡು, ಈಗ ನೋಡು' ಎಂದು ತೋರಿಸಿದ ಅಪ್ಪಂದಿರು ಈ ಪುಟ ಓದುವವರಲ್ಲೂ ಇದ್ದಾರು. ಎಲ್ಲ ಒಂಬತ್ತುಗಳೂ ಒಟ್ಟಿಗೆ ಉರುಳಿ ಸೊನ್ನೆಯಾಗುವ ಆ ಚೆಂದ ಈಗಿನ ಮಿನುಗುವ ಪರದೆಗಳಲ್ಲಿಲ್ಲ.

ಆ ಚೆಂದದ ಹಿಂದೆ ದೊಡ್ಡ ಸಂಕಟವಿತ್ತು. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಅದನ್ನು ಎದುರಿಸಿದ್ದು 1642ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅವನ ತಂದೆ ರೂಆನ್ ಪಟ್ಟಣದಲ್ಲಿ ತೆರಿಗೆಯ ಅಧಿಕಾರಿ, ರಾತ್ರಿಯೆಲ್ಲ ಕೂಡುವ ಕೆಲಸ. ಅಪ್ಪನ ಕಷ್ಟ ನೋಡಲಾರದೆ ಮಗ ಕೂಡುವ ಯಂತ್ರ ಮಾಡಲು ಹೊರಟ. ಒಂದು ಚಕ್ರ ಒಂಬತ್ತರಿಂದ ಸೊನ್ನೆಗೆ ಬಂದಾಗ ಪಕ್ಕದ ಚಕ್ರವನ್ನು ಒಂದು ಮನೆ ತಳ್ಳಬೇಕು, ಸರಿ. ಆದರೆ 99999ಕ್ಕೆ ಒಂದು ಕೂಡಿಸಿದಾಗ? ಮೊದಲ ಚಕ್ರವನ್ನು ತಿರುಗಿಸುವ ಬೆರಳೇ ಉಳಿದೆಲ್ಲ ಚಕ್ರಗಳನ್ನೂ ಒಟ್ಟಿಗೆ ತಳ್ಳಬೇಕು. ನಾಜೂಕಾದ ಹಲ್ಲುಗಳು ಅಷ್ಟು ಬಲ ತಡೆಯವು.

ಪ್ಯಾಸ್ಕಲ್ ಮಾಡಿದ ಉಪಾಯ ನನಗೆ ಇಂದಿಗೂ ಪಾಠ ಮಾಡಲು ಬಲು ಪ್ರಿಯವಾದದ್ದು. ಚಕ್ರ ಸೊನ್ನೆಯಿಂದ ಒಂಬತ್ತರವರೆಗೆ ತಿರುಗುವಾಗ ಒಂದು ಪುಟ್ಟ ತೂಕದ ಸನ್ನೆಯನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತದೆ. ಒಂಬತ್ತು ದಾಟಿದ ಕೂಡಲೇ ಸನ್ನೆ ಜಾರಿ ತನ್ನ ಭಾರದಿಂದಲೇ ಕೆಳಗೆ ಬೀಳುತ್ತದೆ, ಬೀಳುವಾಗ ಪಕ್ಕದ ಚಕ್ರವನ್ನು ಒಂದು ಮನೆ ಮುಂದೆ ದೂಡುತ್ತದೆ. ಅಂದರೆ ಪ್ರತಿ ಚಕ್ರವೂ ತನ್ನ ದಶಕವನ್ನು ದಾಟಿಸಲು ಬೇಕಾದ ಶಕ್ತಿಯನ್ನು ಮೊದಲೇ ಕೂಡಿಟ್ಟಿರುತ್ತದೆ. ಬೆರಳಿನ ಮೇಲೆ ಭಾರವಿಲ್ಲ. ಒಂದೇ ತೊಂದರೆ, ಈ ಚಕ್ರಗಳು ಹಿಂದಕ್ಕೆ ತಿರುಗವು. ಹಾಗಾಗಿ ಕಳೆಯುವ ಲೆಕ್ಕವನ್ನೂ ಸುತ್ತುಬಳಸಿ ಕೂಡಿಯೇ ಮಾಡಬೇಕಿತ್ತು. ಎತ್ತಿಟ್ಟ ವಸ್ತುವಿನಲ್ಲಿ ಅಡಗಿರುವ ಶಕ್ತಿ ಎಂದು ನಾವು ಕರಿಹಲಗೆಯ ಮೇಲೆ ಬರೆಯುವ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಮುಂದೆ ಇಂಥ ಉರುಳೆಗಳು ಅಗ್ಗವಾಗಿ ಎಲ್ಲೆಡೆ ಹರಡಿದವು. ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕರ್ಟಿಸ್ ವೀಡರ್ 1895ರಲ್ಲಿ ಸೈಕಲ್ಲಿಗೆ ಕಟ್ಟುವ ಮೀಟರು ತಯಾರಿಸಲು ಕಂಪನಿ ತೆರೆದ. ಅದೇ ವಂಶದ ಎಣಿಕೆಯ ಉರುಳೆಗಳು ಪೆಟ್ರೋಲ್ ಬಂಕಿನ ಯಂತ್ರಗಳಿಗೂ ಬಂದವು.

ಒಳಗೆಷ್ಟು, ಹೊರಗೆಷ್ಟು

ಎಣಿಕೆಯಲ್ಲಿ ಎಷ್ಟೋ ಸಲ ಸಂಖ್ಯೆಯೇ ಮುಖ್ಯವಲ್ಲ. ಬೆಳಿಗ್ಗೆ ದೊಡ್ಡಿಯಿಂದ ಕುರಿ ಹೊರಬಿಡುವಾಗ ಕುರಿಗೊಂದು ಕಲ್ಲು ಚೀಲಕ್ಕೆ ಹಾಕಿ, ಸಂಜೆ ಕುರಿಗೊಂದು ಕಲ್ಲು ತೆಗೆದರೆ, ಎಣಿಸಲು ಬಾರದವನಿಗೂ ಕುರಿ ತಪ್ಪಿಸಿಕೊಂಡದ್ದು ತಿಳಿಯುತ್ತದೆ. ಚೀಲ ಬರಿದಾಗಬೇಕು, ಅಷ್ಟೆ.

ನಮ್ಮ ರೈಲುಗಳನ್ನು ಇದೇ ಚೀಲ ಕಾಯುತ್ತಿದೆ ಎಂದರೆ ನಂಬುವಿರಾ? ರೈಲು ಪ್ರಯಾಣದಲ್ಲಿ ಹಳಿಯ ಪಕ್ಕಕ್ಕೆ ಬಿಗಿದ ಪುಟ್ಟ ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಕೆಲವು 'ಆಕ್ಸಲ್ ಕೌಂಟರ್', ಅಂದರೆ ಗಾಲಿಗಳ ಅಚ್ಚು ಎಣಿಸುವ ಸಾಧನದ ಭಾಗಗಳು. ಹಳಿಯ ಒಂದು ಮಗ್ಗುಲಲ್ಲಿ ತಂತಿಯ ಸುರುಳಿಯೊಂದು ಕಾಂತಕ್ಷೇತ್ರ ಹುಟ್ಟಿಸುತ್ತದೆ, ಇನ್ನೊಂದು ಮಗ್ಗುಲಿನ ಸುರುಳಿ ಅದನ್ನು ಗ್ರಹಿಸುತ್ತದೆ. ಗಾಲಿಯ ಕಬ್ಬಿಣ ನಡುವೆ ಹಾದಾಗ ಕ್ಷೇತ್ರ ಕದಡುತ್ತದೆ, ಒಂದು ಎಣಿಕೆಯಾಗುತ್ತದೆ. ಹೀಗೆ ಎರಡು ಜೊತೆ ಸುರುಳಿಗಳು ಪಕ್ಕಪಕ್ಕ ಇರುತ್ತವೆ. ಯಾವುದು ಮೊದಲು ಕದಡಿತು ಎಂಬುದರಿಂದ ರೈಲು ಯಾವ ದಿಕ್ಕಿಗೆ ಹೋಯಿತೆಂದು ಗೊತ್ತಾಗುತ್ತದೆ.

ಹಳಿಯ ಒಂದು ಭಾಗದೊಳಗೆ ಬಂದ ಅಚ್ಚುಗಳೆಷ್ಟು, ಆಚೆ ತುದಿಯಿಂದ ಹೊರಬಿದ್ದವೆಷ್ಟು? ಎರಡೂ ಸಮವಾದರೆ ಮಾತ್ರ ಹಳಿ ಖಾಲಿ, ಹಿಂದಿನ ರೈಲಿಗೆ ದಾರಿ. ಕೊನೆಯ ಡಬ್ಬಿ ಕೊಂಡಿ ಕಳಚಿಕೊಂಡು ನಡುದಾರಿಯಲ್ಲಿ ನಿಂತಿದ್ದರೆ ನಾಲ್ಕು ಅಚ್ಚು ಕಡಿಮೆ ಬೀಳುತ್ತದೆ, ಸಿಗ್ನಲ್ ಕೆಂಪಾಗಿಯೇ ಉಳಿಯುತ್ತದೆ. ಯಂತ್ರವೇ ಒಂದು ಅಚ್ಚನ್ನು ಎಣಿಸದೆ ಬಿಟ್ಟರೂ ಲೆಕ್ಕ ತಾಳೆಯಾಗದು, ಆಗಲೂ ಕೆಂಪು. ಸಿಬ್ಬಂದಿ ಹಳಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡ ಮೇಲೆ ನಿಯಮದ ಪ್ರಕಾರ ಲೆಕ್ಕವನ್ನು ಸೊನ್ನೆಗೆ ತರಬೇಕು. ರೈಲು ತಡವಾಯಿತೆಂದು ನಾವು ಗೊಣಗುತ್ತೇವೆ. ತಪ್ಪಿದರೂ ಅಪಾಯವಿಲ್ಲದ ಕಡೆಗೇ ತಪ್ಪುವಂತೆ ಈ ಯಂತ್ರವನ್ನು ಕಟ್ಟಿದವರ ಬುದ್ಧಿಗೆ ನಾನು ಕೈಮುಗಿಯುತ್ತೇನೆ.

ಹತ್ತು ಸಾವಿರ ಹೆಜ್ಜೆ

ಬೆಳಿಗ್ಗೆ ವಾಕಿಂಗ್ ಹೋಗುವ ತಂದೆತಾಯಿಗಳಿಗೆ ಒಂದು ಪ್ರಶ್ನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಹೇಳಿದ ವೈದ್ಯ ಯಾರು? ಯಾರೂ ಅಲ್ಲ! 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಯಮಸ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು 'ಮಾನ್ಪೊ-ಕೇ', ಎಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಸರಕಿನ ಹೆಸರೇ ಆಮೇಲೆ ಆರೋಗ್ಯದ ಸೂತ್ರವಾಯಿತು. ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಅಮೆರಿಕದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 4400 ಹೆಜ್ಜೆ ನಡೆದವರಲ್ಲೇ, 2700 ಹೆಜ್ಜೆಯವರಿಗಿಂತ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7500ರ ಆಸುಪಾಸಿನ ಆಚೆಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ವಾಕಿಂಗ್ ಬಿಡಿ ಎನ್ನುತ್ತಿಲ್ಲ. ಒಂಬತ್ತು ಸಾವಿರಕ್ಕೆ ನಿಂತಿತೆಂದು ರಾತ್ರಿ ಹಜಾರದಲ್ಲಿ ಪಹರೆ ತಿರುಗುವವರಿಗೆ ಮಾತ್ರ ಈ ಮಾತು.

ಇಂದಿನ ಮೊಬೈಲಿನೊಳಗೆ ಧೂಳಿನ ಕಣದಷ್ಟು ಸಿಲಿಕಾನ್ ತುಣುಕೊಂದು ಸಣ್ಣ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ನೀವು ಹೆಜ್ಜೆ ಇಟ್ಟಾಗ ಅದು ಅಲುಗುತ್ತದೆ. ಆ ಅಲುಗಾಟದಲ್ಲಿ ನಡಿಗೆಯ ಲಯ ಕಂಡರೆ ಒಂದು ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಇಲ್ಲೂ ಎಣಿಸಿದ್ದು ಅಲುಗಾಟವನ್ನೇ ಹೊರತು ಹೆಜ್ಜೆಯನ್ನಲ್ಲ. ಮಕ್ಕಳು ಇದನ್ನು ಭಾನುವಾರ ಪರೀಕ್ಷಿಸಬಹುದು. ಬಾಯಲ್ಲಿ ಎಣಿಸುತ್ತ ಇನ್ನೂರು ಹೆಜ್ಜೆ ನಡೆಯಿರಿ. ಮೊಬೈಲನ್ನು ಒಮ್ಮೆ ಜೇಬಿನಲ್ಲಿಟ್ಟು, ಒಮ್ಮೆ ಕೈಯಲ್ಲಿ ಅಲುಗದಂತೆ ಹಿಡಿದು, ಒಮ್ಮೆ ಚೀಲದಲ್ಲಿ ಹಾಕಿ. ಆಮೇಲೆ ಕುರ್ಚಿಯಲ್ಲಿ ಕೂತು ಕೈಯನ್ನಷ್ಟೇ ತೂಗಿ ನೋಡಿ. ನಾಲ್ಕೂ ಸಂಖ್ಯೆ ಬರೆದಿಡಿ.

ಒಂದು ಹನಿ ರಕ್ತ

ಈಗ ರಕ್ತದ ಮಾತಿಗೆ ಬರೋಣ. ಒಂದು ಘನ ಮಿಲಿಮೀಟರು, ಅಂದರೆ ಸಾಸಿವೆ ಕಾಳಿನಷ್ಟು ರಕ್ತದಲ್ಲಿ ಸುಮಾರು ಐವತ್ತು ಲಕ್ಷ ಕೆಂಪು ಕಣಗಳು. ಮೊದಲೆಲ್ಲ ಇವನ್ನು ಕಣ್ಣಿನಿಂದಲೇ ಎಣಿಸಬೇಕಿತ್ತು. ರಕ್ತವನ್ನು ಇನ್ನೂರು ಪಟ್ಟು ತೆಳುವಾಗಿಸಿ, ಗೆರೆ ಕೊರೆದ ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಐದು ಚೌಕಗಳೊಳಗಿನ ಕಣ ಎಣಿಸಿ ಹತ್ತು ಸಾವಿರದಿಂದ ಗುಣಿಸುವುದು. 500 ಕಣ ಸಿಕ್ಕರೆ ಐವತ್ತು ಲಕ್ಷ. ಆದರೆ ಹೀಗೆ ಚದುರಿದ ವಸ್ತುಗಳನ್ನು ಎಣಿಸುವಾಗ, ಸಿಕ್ಕ ಸಂಖ್ಯೆಯ ವರ್ಗಮೂಲದಷ್ಟು ಏರುಪೇರು ಸಹಜ ಎನ್ನುತ್ತದೆ ಸಂಖ್ಯಾಶಾಸ್ತ್ರ. 500ರ ವರ್ಗಮೂಲ ಸುಮಾರು 22. ಎಷ್ಟೇ ಜಾಗರೂಕತೆಯಿಂದ ಎಣಿಸಿದರೂ ಎರಡು ಲಕ್ಷ ಅತ್ತಿತ್ತ ಆಗುವುದನ್ನು ತಪ್ಪಿಸಲಾಗದು.

ಇದಕ್ಕೆ ಪರಿಹಾರ ಕಂಡವನು ಅಮೆರಿಕದ ವ್ಯಾಲೇಸ್ ಕೋಲ್ಟರ್. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಆ ನೀರಿನ ದಾರಿಯಲ್ಲಿ ಒಂದು ಅತಿ ಸಣ್ಣ ರಂಧ್ರವಿಟ್ಟು, ರಕ್ತ ಬೆರೆಸಿದ ಉಪ್ಪುನೀರನ್ನು ಅದರ ಮೂಲಕ ಹೀರಿದರೆ? ರಕ್ತಕಣ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದು. ಕಣವೊಂದು ರಂಧ್ರದಲ್ಲಿ ತೂರುವ ಕ್ಷಣ ರೋಧ ಏರಿ ವಿದ್ಯುತ್ತಿನಲ್ಲೊಂದು ಮಿಡಿತ ಹುಟ್ಟುತ್ತದೆ. ಮಿಡಿತಕ್ಕೊಂದು ಗೀಟು! ಕಣ ದೊಡ್ಡದಾದಷ್ಟೂ ಮಿಡಿತ ದೊಡ್ಡದು, ಆದ್ದರಿಂದ ಗಾತ್ರವೂ ತಿಳಿಯಿತು. ಕೊರೆಯುವ ಚಳಿಯ ರಾತ್ರಿ, ಪ್ರಯೋಗಕ್ಕೆಂದು ಇಟ್ಟಿದ್ದ ಬಣ್ಣ ಹೆಪ್ಪುಗಟ್ಟಿದ್ದರಿಂದ ಆತ ತನ್ನದೇ ರಕ್ತ ಬಳಸಿದನೆಂದೂ, ಮೊದಲ ರಂಧ್ರವನ್ನು ಸೆಲೊಫೇನ್ ಹಾಳೆಯಲ್ಲಿ ಸೂಜಿಯಿಂದ ಚುಚ್ಚಿದನೆಂದೂ ಹೇಳುತ್ತಾರೆ. 'ರಂಧ್ರಕ್ಕೆಲ್ಲ ಪೇಟೆಂಟ್ ಸಿಗದು' ಎಂದು ವಕೀಲರು ವಾಪಸು ಕಳಿಸಿದ ಕತೆಯೂ ಇದೆ. 1953ರಲ್ಲಿ ಪೇಟೆಂಟ್ ಸಿಕ್ಕಿತು. ಸೆಕೆಂಡಿಗೆ ಸಾವಿರಾರು ಕಣ ಎಣಿಸುವ ಈ ತತ್ವವೇ ಇಂದಿಗೂ ಅನೇಕ ಲ್ಯಾಬುಗಳ ಯಂತ್ರಗಳಲ್ಲಿದೆ.

ಹಾಗಾದರೆ ಯಂತ್ರ ಎಣಿಸಿದ್ದು ಕಣಗಳನ್ನೇ? ಅಲ್ಲ, ಮಿಡಿತಗಳನ್ನು. ಎರಡು ಕಣ ಒಟ್ಟಿಗೆ ನುಸುಳಿದರೆ ಒಂದೇ ಮಿಡಿತ. ಇದನ್ನು ಯಂತ್ರವೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಆದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ? ಮುದ್ದೆಯ ಗಾತ್ರ ನೋಡಿ ಯಂತ್ರ ಅದನ್ನು ಪ್ಲೇಟ್‌ಲೆಟ್ ಎಂದು ಒಪ್ಪುವುದೇ ಇಲ್ಲ.

ನನ್ನ ವಿದ್ಯಾರ್ಥಿಗೆ ಆದದ್ದು ಇದೇ. ಮೂರು ದಿನದ ಜ್ವರ, ಊರಿನಲ್ಲಿ ಡೆಂಗಿ. ವರದಿಯಲ್ಲಿ ಪ್ಲೇಟ್‌ಲೆಟ್ 18 ಸಾವಿರ ಎಂದಿತ್ತು. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ್ದು. ಅವನ ತಂದೆ ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಿ, 'ಮೇಷ್ಟ್ರೇ, ರಕ್ತ ಕೊಡುವ ಹುಡುಗರು ಯಾರಾದರೂ ಇದ್ದಾರಾ?' ಎಂದರು. ಧ್ವನಿ ನಡುಗುತ್ತಿತ್ತು. ನಾನು ಹೋದಾಗ ಹುಡುಗ ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಮೈಮೇಲೆ ಕೆಂಪು ಚುಕ್ಕೆಯಿಲ್ಲ, ವಸಡಿನಲ್ಲಿ ರಕ್ತವಿಲ್ಲ. ವೈದ್ಯರಿಗೂ ಅದೇ ಅನುಮಾನ. ರಕ್ತ ಹೆಪ್ಪುಗಟ್ಟದಿರಲೆಂದು ಸಾಮಾನ್ಯವಾಗಿ ಕೊಳವೆಗೆ ಹಾಕುವ ಇಡಿಟಿಎ ಎಂಬ ರಾಸಾಯನಿಕ, ಅಪರೂಪಕ್ಕೆ ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸಿಬಿಡುತ್ತದೆ. ಅವರು ಸಿಟ್ರೇಟ್ ಇರುವ ಬೇರೆ ಕೊಳವೆಯಲ್ಲಿ ಮತ್ತೆ ರಕ್ತ ತೆಗೆಸಿದರು, ಗಾಜಿನ ಪಟ್ಟಿಯ ಮೇಲೂ ಒಂದು ಹನಿ ಸವರಿಸಿದರು.

ಪೋಷಕರು ಇದನ್ನು ತಪ್ಪಾಗಿ ತಿಳಿಯಬಾರದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ. ಬಹುಪಾಲು ವರದಿಗಳು ಹೇಳುವುದೂ ನಿಜವನ್ನೇ. ಹೊಟ್ಟೆನೋವು, ನಿಲ್ಲದ ವಾಂತಿ, ಎಲ್ಲಿಂದಲಾದರೂ ರಕ್ತಸ್ರಾವ, ಮಗು ಮಂಕಾಗುವುದು ಕಂಡರೆ ಸಂಖ್ಯೆ ಎಷ್ಟೇ ಇರಲಿ ಆಸ್ಪತ್ರೆಗೆ ಓಡಬೇಕು. ಜ್ವರ ಬಿಟ್ಟಿತೆಂದು ನಿರಾಳವಾಗುವ ಹೊತ್ತೇ ಹೆಚ್ಚು ಎಚ್ಚರದ ಹೊತ್ತು. ಹಾಗೆಯೇ, ಸಂಖ್ಯೆಗೂ ಮಗುವಿಗೂ ಹೊಂದಿಕೆಯಾಗದಿದ್ದರೆ 'ಸ್ಲೈಡ್ ನೋಡಿಸೋಣವೇ?' ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಆ ರಾತ್ರಿ ಲ್ಯಾಬಿನ ಹುಡುಗಿ ಸೂಕ್ಷ್ಮದರ್ಶಕದ ಮುಂದಿನಿಂದ ಸರಿದು ನನಗೂ ಒಮ್ಮೆ ನೋಡಲು ಬಿಟ್ಟಳು. ಮೊದಲ ಕೊಳವೆಯ ರಕ್ತದಲ್ಲಿ ನೇರಳೆ ಚುಕ್ಕೆಗಳು ದ್ರಾಕ್ಷಿಗೊಂಚಲಿನಂತೆ ಅಂಟಿ ಕೂತಿದ್ದವು. ಎರಡನೆಯದರಲ್ಲಿ ಬಿಡಿಬಿಡಿಯಾಗಿ ಹರಡಿದ್ದವು. ಅವಳು ಎಡಗೈಯಲ್ಲಿ ಗುಂಡಿ ಒತ್ತುವ ಕೌಂಟರ್ ಹಿಡಿದು ಟಿಕ್ ಟಿಕ್ ಎನಿಸುತ್ತ ಎಣಿಸಿದಳು. ಅಪ್ಪ ಬಾಗಿಲಲ್ಲೇ ನಿಂತಿದ್ದರು. 'ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ ಇದೆ ಸರ್' ಎಂದಳು.